ಎಪ್ಪತ್ತು ‘ಎಸ್‌ವಿಸಿಹೋಸ್ಟ್’ಗಳಲ್ಲಿ ಕಳ್ಳ ಯಾವುದು?

ಕೋಡಿಹಳ್ಳಿಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ. ರೇಷ್ಮೆಗೂಡಿನ ಲೆಕ್ಕ, ತಂಗಿಯ ಡಿಗ್ರಿ ಅಸೈನ್‌ಮೆಂಟು, ಅಕ್ಕಪಕ್ಕದವರ ಪಹಣಿ ಪ್ರಿಂಟು ಎಲ್ಲ ಅದರಲ್ಲೇ. ಹಬ್ಬಕ್ಕೆ ಹೋದಾಗ ಚಪ್ಪಲಿ ಬಿಡೋ ಮೊದಲೇ ತಂಗಿ ಹಿಡಿದುಕೊಂಡಳು: “ಅಣ್ಣ, ಕಂಪ್ಯೂಟರು ತೆವಳ್ತಾ ಅದೆ. ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಎಸ್‌ವಿಸಿಹೋಸ್ಟ್ ಅಂತ ಒಂದೇ ಹೆಸರಿನವು ಎಪ್ಪತ್ತವೆ. ಯೂಟ್ಯೂಬಲ್ಲಿ ಎಲ್ಲ ವೈರಸ್ಸು, ಡಿಲೀಟ್ ಮಾಡಿ ಅಂದವ್ರೆ. ಮಾಡ್ಬಿಡ್ಲಾ?”

ಮಾಡಿದ್ದರೆ ಹಬ್ಬದೂಟಕ್ಕೆ ಮೊದಲೇ ವಿಂಡೋಸ್ ಮಲಗಿರೋದು. ಆ ಎಪ್ಪತ್ತರಲ್ಲಿ ಒಂದನ್ನು ಬಿಟ್ಟು ಉಳಿದವೆಲ್ಲ ಅಸಲಿಯೇ. ಆ ಒಂದನ್ನು ಹೇಗೆ ಹಿಡಿದೆವು ಅನ್ನೋದು ನಿಮಗೂ ಬೇಕಾಗಬಹುದು. ಅದರಲ್ಲೂ ಸಂಘಟನೆ, ಹೋರಾಟ, ಪತ್ರಿಕೋದ್ಯಮ ಅಂತ ಓಡಾಡುವವರಿಗೆ ಇದು ಬರೀ ಕಂಪ್ಯೂಟರ್ ರಿಪೇರಿಯ ವಿಷಯ ಅಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಹೆಸರು ನಂಬಬೇಡಿ

ಎಸ್‌ವಿಸಿಹೋಸ್ಟ್ ಅಂದರೆ ಸರ್ವಿಸ್ ಹೋಸ್ಟ್. ವೈಫೈ, ಪ್ರಿಂಟರ್, ಅಪ್‌ಡೇಟ್, ಶಬ್ದ ಹೀಗೆ ವಿಂಡೋಸ್‌ನ ಹಿನ್ನೆಲೆ ಕೆಲಸಗಳಲ್ಲಿ ಬಹುಪಾಲನ್ನು ಹೊತ್ತು ತಿರುಗುವ ಗಾಡಿ ಅದು. ಮೊದಲೆಲ್ಲ ಒಂದು ಗಾಡಿಯಲ್ಲಿ ಹತ್ತಾರು ಕೆಲಸ ತುಂಬುತ್ತಿದ್ದರು. 2017ರಲ್ಲಿ ಬಂದ ವಿಂಡೋಸ್ 10ರ ಅಪ್‌ಡೇಟ್‌ನಿಂದ ಈಚೆಗೆ, 3.5 ಜಿಬಿಗಿಂತ ಹೆಚ್ಚು ರ‍್ಯಾಮ್ ಇದ್ದರೆ ಬಹುತೇಕ ಒಂದೊಂದು ಕೆಲಸಕ್ಕೂ ಒಂದೊಂದು ಗಾಡಿ. ಹಾಗಾಗಿ ಎಪ್ಪತ್ತು ಕಾಣೋದು ರೋಗದ ಲಕ್ಷಣ ಅಲ್ಲ. ಆದರೆ ಇಷ್ಟು ದೊಡ್ಡ ಜಾತ್ರೆಯಲ್ಲಿ ಅದೇ ಹೆಸರಿಟ್ಟುಕೊಂಡು ಇನ್ನೊಬ್ಬ ನುಸುಳೋದು ಸುಲಭ ಅನ್ನೋದೂ ಅಷ್ಟೇ ನಿಜ.

ನಮ್ಮ ರಾಮನಗರ ಜಿಲ್ಲೆಯನ್ನು ಸರ್ಕಾರ 2025ರಲ್ಲಿ ‘ಬೆಂಗಳೂರು ದಕ್ಷಿಣ’ ಮಾಡಿತು. ಕೋಡಿಹಳ್ಳಿ ಇದ್ದಲ್ಲೇ ಇದೆ, ಬಸ್ಸು ಅದೇ ಹೊತ್ತಿಗೆ ತಡವಾಗಿ ಬರುತ್ತೆ. ಹೆಸರಿಗೆ ಎಷ್ಟು ಬೆಲೆ ಕೊಡಬೇಕು ಅಂತ ನಮ್ಮೂರವರಿಗೆ ಪಾಠ ಹೇಳಬೇಕಿಲ್ಲ.

ಹೆಸರು ನೋಡಿ ಹೆದರಿ ಅಸಲಿಯನ್ನೇ ಕೊಂದ ಕತೆಗಳು ಬೇಕಾದಷ್ಟಿವೆ. 2002ರಲ್ಲಿ ಜಗತ್ತಿನಾದ್ಯಂತ ಒಂದು ಇಮೇಲ್ ಸುತ್ತಾಡಿತು: “ನಿಮ್ಮ ಕಂಪ್ಯೂಟರಿನಲ್ಲಿ ಕರಡಿಮರಿಯ ಐಕಾನ್ ಇರುವ ಫೈಲ್ ಇದೆಯಾ ನೋಡಿ, ಅದು ವೈರಸ್, ಅಳಿಸಿ, ಗೆಳೆಯರಿಗೂ ತಿಳಿಸಿ.” ನೋಡಿದವರಿಗೆಲ್ಲ ಕರಡಿ ಸಿಕ್ಕಿತು. ಯಾಕೆಂದರೆ ಅದನ್ನು ಇಟ್ಟಿದ್ದೇ ಮೈಕ್ರೋಸಾಫ್ಟ್, ಜಾವಾ ಡೀಬಗ್ಗರ್‌ಗೆ ಸೇರಿದ ಫೈಲ್. ವೈರಸ್ ಅಂತ ಏನಾದರೂ ಇದ್ದರೆ ಅದು ಆ ಇಮೇಲೇ. ವಾಟ್ಸಾಪ್ ಫಾರ್ವರ್ಡ್‌ಗಳ ಅಜ್ಜ ಅನ್ನಿ.

ಸಾಮಾನ್ಯರು ಮಾತ್ರ ಎಡವಿದ್ದಲ್ಲ. 2010ರ ಏಪ್ರಿಲ್ 21ರಂದು ಮೆಕಾಫಿ ಆ್ಯಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟನ್ನೇ ವೈರಸ್ ಎಂದು ತಿಳಿದು ಎತ್ತಂಗಡಿ ಮಾಡಿತು. ಆಫೀಸು, ಆಸ್ಪತ್ರೆಗಳ ಕಂಪ್ಯೂಟರುಗಳು ತಮ್ಮಷ್ಟಕ್ಕೆ ಆಫ್ ಆಗಿ ಆನ್ ಆಗುತ್ತಾ ಕೂತವು. ನಾನೂ ಡಿಗ್ರಿ ಓದುವಾಗ ‘ಸಿಎಸ್‌ಆರ್‌ಎಸ್‌ಎಸ್’ ಎರಡಿರೋದನ್ನು ಕಂಡು, ಒಂದು ನಕಲಿ ಇರಲೇಬೇಕು ಅಂತ ತೀರ್ಮಾನಿಸಿ ಎಂಡ್ ಟಾಸ್ಕ್ ಒತ್ತಿದ್ದೆ. ನೀಲಿ ಪರದೆ ಬಂತು, ಸೇವ್ ಮಾಡದ ಸೆಮಿನಾರ್ ಪೇಪರ್ ಹೋಯಿತು. ಅದು ಎರಡು ಇರೋದೇ ಸಹಜ ಅಂತ ಆಮೇಲೆ ಗೊತ್ತಾಯ್ತು.

ಮನೆ ಎಲ್ಲಿ, ಅಪ್ಪ ಯಾರು, ಸಹಿ ಯಾರದು

ಊರಿಗೆ ಹೊಸಬರು ಬಂದರೆ ದೊಡ್ಡಪ್ಪ ಕೇಳೋದು ಇವೇ ಪ್ರಶ್ನೆ: ಯಾವೂರು, ಯಾರ ಮಗ? ಫೈಲಿಗೂ ಅದನ್ನೇ ಕೇಳಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತೆ. ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಅನುಮಾನ ಬಂದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಒತ್ತಿ. ಎಸ್‌ವಿಸಿಹೋಸ್ಟ್‌ನ ಮನೆ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರಿನೊಳಗಿನ ಸಿಸ್ಟಮ್32. 64 ಬಿಟ್ ವಿಂಡೋಸ್‌ನಲ್ಲಿ ಪಕ್ಕದ ಸಿಸ್‌ವಾವ್64 ಕೂಡ ಅದರದ್ದೇ. ಡೌನ್‌ಲೋಡ್ಸ್, ಟೆಂಪ್, ಆಪ್‌ಡೇಟಾ, ಪ್ರೋಗ್ರಾಂಡೇಟಾ ಇಂಥ ಕಡೆ ಎಸ್‌ವಿಸಿಹೋಸ್ಟ್ ಕಂಡರೆ ಅದು ಹೆಚ್ಚುಕಡಿಮೆ ಕಳ್ಳನೇ. ಹಾಗಂತ ಸಿಸ್ಟಮ್32ರಲ್ಲಿ ಇಲ್ಲದ್ದೆಲ್ಲ ನಕಲಿ ಅನ್ನೋಹಾಗಿಲ್ಲ. ಡೆಸ್ಕ್‌ಟಾಪ್ ನಡೆಸುವ ಎಕ್ಸ್‌ಪ್ಲೋರರ್ ಒಂದು ಮೆಟ್ಟಿಲು ಮೇಲೆ, ನೇರ ವಿಂಡೋಸ್ ಫೋಲ್ಡರಿನಲ್ಲೇ ಇರುತ್ತೆ.

ಕಾಗುಣಿತ ನೋಡಿ. ಪಾಸ್‌ವರ್ಡ್ ವ್ಯವಹಾರ ನೋಡಿಕೊಳ್ಳುವ ‘ಎಲ್‌ಸಾಸ್’ ಎಂಬ ಫೈಲಿನ ಹೆಸರು ಇಂಗ್ಲಿಷಿನ ಸಣ್ಣಕ್ಷರದ ಎಲ್‌ನಿಂದ ಶುರುವಾಗುತ್ತೆ. ಆ ಜಾಗದಲ್ಲಿ ದೊಡ್ಡಕ್ಷರದ ಐ ಹಾಕಿದರೆ ಕಣ್ಣಿಗೆ ಎರಡೂ ಒಂದೇ ಗೆರೆ. ಹಳೇ ಟ್ರಿಕ್ಕು, ಆದರೂ ಇನ್ನೂ ನಡೀತಿದೆ.

ಅಪ್ಪ ಯಾರು ಅನ್ನೋದಕ್ಕೆ ಟಾಸ್ಕ್ ಮ್ಯಾನೇಜರ್ ಸರಿಯಾಗಿ ಉತ್ತರಿಸಲ್ಲ. ಪ್ರೋಸೆಸ್ ಎಕ್ಸ್‌ಪ್ಲೋರರ್ ಅಂತ ಒಂದು ಉಚಿತ ಉಪಕರಣ ಇದೆ. ಮಾರ್ಕ್ ರುಸಿನೋವಿಚ್ ಅವರ ಸಿಸ್‌ಇಂಟರ್ನಲ್ಸ್ ಬಳಗದ್ದು, 2006ರಿಂದ ಅದು ಮೈಕ್ರೋಸಾಫ್ಟ್‌ನ ಪಾಲು. ಅವರ ಜಾಲತಾಣದಿಂದಲೇ ಇಳಿಸಿಕೊಳ್ಳಿ, ಬೇರೆ ಕಡೆಯಿಂದ ಬೇಡ. ಅದರಲ್ಲಿ ವಂಶವೃಕ್ಷವೇ ಕಾಣುತ್ತೆ. ಅಸಲಿ ಎಸ್‌ವಿಸಿಹೋಸ್ಟ್‌ಗೆ ಜನ್ಮ ಕೊಡೋದು ‘ಸರ್ವಿಸಸ್’ ಅನ್ನೋ ಪ್ರೋಸೆಸ್. ಬ್ರೌಸರೋ ವರ್ಡ್ ಫೈಲೋ ಅದನ್ನು ಹೆತ್ತಿದ್ದರೆ ಏನೋ ಎಡವಟ್ಟಾಗಿದೆ.

ಸಹಿಯ ವಿಷಯದಲ್ಲಿ ಜನ ಎರಡೂ ಕಡೆ ತಪ್ಪುತ್ತಾರೆ. ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಾಪಿರೈಟ್ ಮೈಕ್ರೋಸಾಫ್ಟ್ ಅಂತ ಬರೆದಿರೋದು ಸಹಿ ಅಲ್ಲ. ಅದನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು, ಮನೆ ಗೋಡೆ ಮೇಲೆ ‘ವಿಧಾನಸೌಧ’ ಅಂತ ಬರೆದ ಹಾಗೆ. ನೋಡಬೇಕಾದ್ದು ಡಿಜಿಟಲ್ ಸಿಗ್ನೇಚರ್. ಆದರೆ ವಿಂಡೋಸ್‌ನ ಎಷ್ಟೋ ಅಸಲಿ ಫೈಲುಗಳಲ್ಲಿ ಆ ಟ್ಯಾಬೇ ಇರಲ್ಲ. ಅವುಗಳ ಸಹಿ ಫೈಲಿನೊಳಗೆ ಇರದೆ, ಕ್ಯಾಟಲಾಗ್ ಎಂಬ ಬೇರೆ ದಾಖಲೆಯಲ್ಲಿರುತ್ತೆ. ಟ್ಯಾಬ್ ಇಲ್ಲ ಅಂತ ಅಳಿಸಿದರೆ ಕೈಸುಟ್ಟುಕೊಳ್ತೀರಿ. ಪ್ರೋಸೆಸ್ ಎಕ್ಸ್‌ಪ್ಲೋರರ್‌ನ ‘ವೆರಿಫೈ ಇಮೇಜ್ ಸಿಗ್ನೇಚರ್ಸ್’ ಎರಡೂ ಬಗೆಯನ್ನು ನೋಡುತ್ತೆ.

ಇನ್ನು ಸಹಿ ಇದ್ದರೆ ನಿಶ್ಚಿಂತೆಯಾ? ಅದೂ ಇಲ್ಲ. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಬಂದದ್ದು ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳಿಂದ ಕದ್ದ ಸಹಿ ಹಾಕಿಕೊಂಡು. ಕೆಲವು ಸಲ ಫೈಲ್ ಅಸಲಿಯೇ, ಮಾಡಿಸುವ ಕೆಲಸ ಮಾತ್ರ ಕೆಟ್ಟದ್ದು. ‘ರನ್‌ಡಿಎಲ್‌ಎಲ್32’ ಮೈಕ್ರೋಸಾಫ್ಟ್‌ನದ್ದೇ ಆಳು, ಆದರೆ ಯಾರು ಕರೆದರೂ ಹೋಗುತ್ತೆ, ಯಾವ ಮೂಟೆ ಕೊಟ್ಟರೂ ಹೊರುತ್ತೆ. ಅಂಥವು ಕಂಡರೆ ಹೊತ್ತಿರುವ ಮೂಟೆ ಯಾವುದು ಅಂತ ‘ಕಮಾಂಡ್ ಲೈನ್’ ಕಾಲಂನಲ್ಲಿ ನೋಡಬೇಕು.

ಜೆರಾಕ್ಸ್ ಅಂಗಡಿಯಿಂದ ಮನೆಗೆ

ತಂಗಿಯ ಕಂಪ್ಯೂಟರಿನಲ್ಲಿ ಸಿಕ್ಕ ಕಳ್ಳ ಎಸ್‌ವಿಸಿಹೋಸ್ಟ್ ಆಪ್‌ಡೇಟಾದ ಒಳಗೊಂದು ಫೋಲ್ಡರಿನಲ್ಲಿ ಕೂತಿತ್ತು. ಸಹಿ ಇಲ್ಲ. ಕಂಪ್ಯೂಟರ್ ಆನ್ ಆದಾಗಲೆಲ್ಲ ತಾನೂ ಏಳುವಂತೆ ಏರ್ಪಾಡು ಮಾಡಿಕೊಂಡಿತ್ತು. ಇಂಥ ಏರ್ಪಾಡುಗಳನ್ನು ಒಂದೇ ಕಡೆ ತೋರಿಸೋದು ಅದೇ ಬಳಗದ ‘ಆಟೋರನ್ಸ್’. ಅದರಲ್ಲಿ ಮೈಕ್ರೋಸಾಫ್ಟ್‌ನವನ್ನು ಮರೆಮಾಡಿ ಉಳಿದದ್ದನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ.

ಬಂದದ್ದೆಲ್ಲಿಂದ? ಖಚಿತವಾಗಿ ಹೇಳಲಾರೆ, ದಾರಿ ಎರಡಿದ್ದವು. ಒಂದು, ಪೆನ್‌ಡ್ರೈವ್. ಪ್ರಿಂಟ್ ಹಾಕಿಸಲು ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳು ಮಾಯವಾಗಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಾಣೋದನ್ನು ನೀವೂ ನೋಡಿರ್ತೀರಿ. ಅಸಲಿ ಫೋಲ್ಡರ್ ಅಡಗಿಸಿ, ಫೋಲ್ಡರಿನ ಚಿತ್ರ ಅಂಟಿಸಿಕೊಂಡ ಮಾಲ್‌ವೇರ್ ಮುಂದೆ ಕೂತಿರುತ್ತೆ. ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಮತ್ತು ‘ಹಿಡನ್ ಐಟಮ್ಸ್’ ಎರಡನ್ನೂ ಆನ್ ಮಾಡಿಟ್ಟರೆ ವೇಷ ಬಹಳಮಟ್ಟಿಗೆ ಬಯಲಾಗುತ್ತೆ. ಪಿಡಿಎಫ್ ಅಂತ ಕಂಡದ್ದರ ಹೆಸರು ‘ಇಎಕ್ಸ್‌ಇ’ ಅಂತ ಮುಗಿದರೆ ಮುಟ್ಟಬೇಡಿ.

ಇನ್ನೊಂದು, ದುಡ್ಡು ಕೊಡದೆ ವಿಂಡೋಸ್, ಆಫೀಸ್ ನಡೆಸಲು ಹಾಕುವ ಆ್ಯಕ್ಟಿವೇಟರ್. ಅದು ಕೇಳುವ ಮೊದಲ ಮಾತೇ ‘ಆ್ಯಂಟಿವೈರಸ್ ಆಫ್ ಮಾಡಿ’. 2021ರ ಡಿಸೆಂಬರ್‌ನಲ್ಲಿ ರೆಡ್ ಕ್ಯಾನರಿ ಎಂಬ ಭದ್ರತಾ ಸಂಸ್ಥೆ, ಕೆಎಂಎಸ್‌ಪಿಕೊ ಹೆಸರಿನ ನಕಲಿ ಇನ್‌ಸ್ಟಾಲರ್‌ಗಳ ಜೊತೆ ಪಾಸ್‌ವರ್ಡ್ ಕದಿಯುವ ಕ್ರಿಪ್ಟ್‌ಬಾಟ್ ಬರುತ್ತಿರುವುದನ್ನು ತೋರಿಸಿತ್ತು. ಕದ್ದ ಸಾಫ್ಟ್‌ವೇರ್ ಬಳಸಬೇಡಿ ಅಂತ ಉಪದೇಶ ಮಾಡೋದು ಸುಲಭ, ಲೈಸೆನ್ಸಿನ ಬೆಲೆಗೆ ನಮ್ಮ ದೊಡ್ಡಪ್ಪ ಹಿಪ್ಪುನೇರಳೆಗೆ ಗೊಬ್ಬರ ತರ್ತಾರೆ. ಓದು ಬರಹಕ್ಕಷ್ಟೇ ಕಂಪ್ಯೂಟರ್ ಅಂದರೆ ಉಚಿತ ಲಿಬ್ರೆಆಫೀಸ್ ಸಾಕು ಅನ್ನೋದು ನನ್ನ ಅಭಿಪ್ರಾಯ. ತಂಗಿಗೆ ಅದನ್ನೇ ಹಾಕಿಕೊಟ್ಟೆ.

ಅನುಮಾನದ ಫೈಲನ್ನು ವೈರಸ್‌ಟೋಟಲ್‌ಗೆ ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತೆ. ಅಲ್ಲಿ ಹಾಕಿದ ಫೈಲನ್ನು ಬೇರೆಯವರೂ ಪಡೆಯಬಹುದು, ಆದ್ದರಿಂದ ಖಾಸಗಿ ದಾಖಲೆ ಹಾಕಬೇಡಿ. ಫೈಲಿನ ಹ್ಯಾಶ್ ಹಾಕಿ ಹುಡುಕಿದರೂ ಆಗುತ್ತೆ. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟು. ಶಾ256 ವಿಧಾನದಲ್ಲಿ 64 ಅಕ್ಷರ-ಅಂಕಿಗಳ ಸಾಲು, ಒಳಗೆ ಒಂದು ಚುಕ್ಕಿ ಬದಲಾದರೂ ಇಡೀ ಸಾಲು ಬದಲಾಗುತ್ತೆ. ಒಂದೇ ಒಂದು ಆ್ಯಂಟಿವೈರಸ್ ಕೆಂಪು ತೋರಿಸಿದರೆ ಗಾಬರಿ ಬೇಡ, ನಲವತ್ತು ತೋರಿಸಿದರೆ ವಾದ ಬೇಡ. ಹಾಗಿದ್ದಾಗಲೂ ನೀವೇ ಡಿಲೀಟ್ ಮಾಡುವ ಬದಲು ಕ್ವಾರಂಟೈನ್ ಮಾಡಿಸಿ, ತಪ್ಪಾಗಿದ್ದರೆ ವಾಪಸ್ ತರಬಹುದು. ವಿಂಡೋಸ್ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಇದಕ್ಕೆ ಸಾಕು. ಕೇಂದ್ರ ಸರ್ಕಾರದ ಸರ್ಟ್-ಇನ್ 2017ರಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ಉಚಿತ ಉಪಕರಣಗಳಿವೆ.

ಆದರೆ ನೀವು ಹೋರಾಟಗಾರರಾಗಿದ್ದರೆ

ಇಲ್ಲಿವರೆಗೆ ಹೇಳಿದ್ದು ದುಡ್ಡಿಗಾಗಿ ಬರುವ ಕಳ್ಳರ ಬಗ್ಗೆ. ಇನ್ನೊಂದು ಬಗೆ ಇದೆ: ಏನನ್ನೂ ಒಯ್ಯದೆ, ಏನನ್ನೋ ಇಟ್ಟು ಹೋಗುವವರು.

ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪನ್ನು ಪೊಲೀಸರು 2018ರ ಏಪ್ರಿಲ್ 17ರಂದು ವಶಪಡಿಸಿಕೊಂಡರು. ಅದರ ಪ್ರತಿಯನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ 2021ರ ಫೆಬ್ರವರಿಯ ವರದಿಯಲ್ಲಿ ಹೇಳಿದ್ದಿಷ್ಟು: 2016ರ ಜೂನ್ 13ರಂದು ವರವರ ರಾವ್ ಅವರ ಇಮೇಲ್ ಖಾತೆಯಿಂದ ಬಂದ ಒಂದು ಫೈಲನ್ನು ತೆರೆದಾಗ ನೆಟ್‌ವೈರ್ ಎಂಬ ಮಾಲ್‌ವೇರ್ ಒಳಸೇರಿತು. ಮುಂದಿನ 22 ತಿಂಗಳು ಲ್ಯಾಪ್‌ಟಾಪ್ ಬೇರೆಯವರ ಕೈಯಲ್ಲಿತ್ತು. ಆರೋಪಕ್ಕೆ ಆಧಾರವಾದ ಪತ್ರಗಳನ್ನು ಒಂದು ಗುಪ್ತ ಫೋಲ್ಡರಿನಲ್ಲಿ ತಂದಿಡಲಾಯಿತು. ಅವನ್ನು ಆ ಲ್ಯಾಪ್‌ಟಾಪಿನಲ್ಲಿ ಯಾರೂ ತೆರೆದ ಕುರುಹಿಲ್ಲ. ಪಿಡಿಎಫ್‌ಗಳು ವಿಲ್ಸನ್ ಬಳಿ ಇದ್ದದ್ದಕ್ಕಿಂತ ಹೊಸ ವರ್ಡ್‌ನಲ್ಲಿ ತಯಾರಾದವು. ನೆಟ್‌ವೈರ್ ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಸರಕು, ಅದನ್ನು ಮಾರುತ್ತಿದ್ದ ಜಾಲತಾಣವನ್ನು ಎಫ್‌ಬಿಐ ಮುಚ್ಚಿಸಿದ್ದು 2023ರಲ್ಲಿ.

1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಸ್ಟ್ಯಾನ್ ಸ್ವಾಮಿ ಅವರ ಕಂಪ್ಯೂಟರಿನ ಬಗ್ಗೆಯೂ ಅದೇ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಅದರ ಪ್ರಕಾರ 2014ರಿಂದಲೇ ಒಳಗೆ ಯಾರೋ ಇದ್ದರು, 2019ರ ಜೂನ್ 12ರಂದು ಕಂಪ್ಯೂಟರ್ ವಶವಾಗುವ ಹಿಂದಿನ ದಿನ ಹೆಜ್ಜೆಗುರುತು ಅಳಿಸುವ ಯತ್ನ ನಡೆದಿತ್ತು. ಆ ವರದಿ ಬರುವಷ್ಟರಲ್ಲಿ ಸ್ವಾಮಿ ಇರಲಿಲ್ಲ, 2021ರ ಜುಲೈ 5ರಂದು ಬಂಧನದಲ್ಲೇ ತೀರಿಕೊಂಡಿದ್ದರು. ಎನ್‌ಐಎ ಈ ವರದಿಗಳನ್ನು ಒಪ್ಪಿಲ್ಲ.

ಈಗ ಕಾನೂನಿನ ಕಡೆ ನೋಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಡಿಜಿಟಲ್ ಸಾಕ್ಷ್ಯದ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಹ್ಯಾಶ್ ನಮೂದಿಸಬೇಕು. ಒಳ್ಳೇದೇ. ನಿಮ್ಮ ಯಂತ್ರ ಒಯ್ಯುವಾಗಲೇ ಹ್ಯಾಶ್ ಬರೆದುಕೊಡಿ ಅಂತ ಕೇಳಿ. ಆದರೆ ಹ್ಯಾಶ್ ಹೇಳೋದು ಅದನ್ನು ತೆಗೆದ ಗಳಿಗೆಯಿಂದ ಈಚೆಗೆ ಫೈಲ್ ಬದಲಾಗಿಲ್ಲ ಅಂತ ಮಾತ್ರ. ಅದಕ್ಕೂ ಮೊದಲು ಅದನ್ನು ಅಲ್ಲಿ ಇಟ್ಟವರು ಯಾರು ಅಂತ ಹೇಳಲ್ಲ. ಅದನ್ನು ಹೇಳೋದು ನಾವು ತಂಗಿಯ ಕಂಪ್ಯೂಟರಿನಲ್ಲಿ ಹುಡುಕಿದಂಥ ಗುರುತುಗಳೇ: ಯಾವ ಜಾಗ, ಯಾರು ಹೆತ್ತದ್ದು, ಯಾವ ಹೊತ್ತು.

ಹಾಗಾಗಿ ಮನೆಮಂದಿಗೆ ಕೊಡುವ ಸಲಹೆಯನ್ನು ನಿಮಗೆ ಕೊಡಲ್ಲ. ಯಾರೋ ಗುರಿಯಿಟ್ಟು ಒಳಬಂದಿದ್ದಾರೆ ಅನ್ನೋ ಬಲವಾದ ಅನುಮಾನ ಇದ್ದರೆ ಕ್ಲೀನ್ ಮಾಡಬೇಡಿ, ಫಾರ್ಮ್ಯಾಟಂತೂ ಬೇಡವೇ ಬೇಡ. ನಿಮ್ಮ ಪರವಾಗಿ ಸಾಕ್ಷಿ ಹೇಳಬಲ್ಲದ್ದನ್ನು ನೀವೇ ಅಳಿಸಿದ ಹಾಗಾಗುತ್ತೆ. ಇಂಟರ್ನೆಟ್ ಕಿತ್ತು, ಆ ಯಂತ್ರದಲ್ಲಿ ಕೆಲಸ ನಿಲ್ಲಿಸಿ, ಬೇರೊಂದು ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ವಕೀಲರಿಗೆ ತಿಳಿಸಿ. ಆಕ್ಸೆಸ್ ನೌ ಸಂಸ್ಥೆಯ ಸಹಾಯವಾಣಿ ಹೋರಾಟಗಾರರಿಗೆ, ಪತ್ರಕರ್ತರಿಗೆ ಉಚಿತವಾಗಿ ನೆರವಾಗುತ್ತೆ. ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದರೆ ಮಾತ್ರ ದಾರಿ ಬೇರೆ, ತಡಮಾಡದೆ 1930ಕ್ಕೆ ಕರೆ ಮಾಡಿ.

ತಂಗಿಯ ಕಂಪ್ಯೂಟರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಕಳ್ಳನನ್ನು ಕ್ವಾರಂಟೈನ್ ಮಾಡಿ, ಲೆಕ್ಕ ಮತ್ತು ಅಸೈನ್‌ಮೆಂಟ್‌ಗಳ ಪ್ರತಿ ತೆಗೆದು, ವಿಂಡೋಸನ್ನು ಹೊಸದಾಗಿ ಹಾಕಿದ್ದಾಯ್ತು. ಅವಳ ಪಾಸ್‌ವರ್ಡ್‌ಗಳನ್ನು ನನ್ನ ಲ್ಯಾಪ್‌ಟಾಪಿನಿಂದ ಬದಲಿಸಿದೆವು. ಪಕ್ಕದಲ್ಲಿ ನಿಂತು ಎಲ್ಲ ನೋಡುತ್ತಿದ್ದ ದೊಡ್ಡಪ್ಪ ಕೊನೆಗೆ ಕೇಳಿದ್ದು ಒಂದೇ: “ಈಗ ಎಷ್ಟವೆಯಪ್ಪಾ ಅವು?”

ತಂಗಿ ಎಣಿಸಿದಳು. “ಅರವತ್ತೆಂಟು ಅವೆ ಅಪ್ಪ. ಎಲ್ಲ ನಮ್ಮವೇ.”