ಆಸ್ಪತ್ರೆಯಿಂದ ಊರಿಗೆ: ಎರಡು ಮಹಾಯುದ್ಧಗಳ ಅಂಗವಿಕಲ ಭಾರತೀಯ ಸಿಪಾಯಿಗಳಿಗೆ ಒದಗಿದ ನೆರವು

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಭಾರತದ ಸೇನೆಯ 74,000ಕ್ಕೂ ಹೆಚ್ಚು ಮಂದಿ ಸತ್ತರು. ಗಾಯಗೊಂಡವರ ಸಂಖ್ಯೆ 60,000 ದಾಟಿತ್ತು. ಸತ್ತವರಿಗೆ ದೆಹಲಿಯ ಇಂಡಿಯಾ ಗೇಟಿನಿಂದ ಫ್ರಾನ್ಸಿನ ನವ್ ಶಪೆಲ್‌ವರೆಗೆ ಸ್ಮಾರಕಗಳೆದ್ದವು. ಕಾಲೋ ಕೈಯೋ ಕಣ್ಣೋ ಕಳೆದುಕೊಂಡು ಜೀವಸಹಿತ ಊರಿಗೆ ಮರಳಿದವರ ಪಾಡೇನಾಯಿತು ಎಂಬುದನ್ನು ಯುದ್ಧದ ಇತಿಹಾಸಗಳು ಅಷ್ಟಾಗಿ ವಿಚಾರಿಸಿಲ್ಲ. ಈ ಲೇಖನ ಅವರ ಬೆನ್ನು ಹಿಡಿದು ಬ್ರೈಟನ್, ಬಸ್ರಾ, ಮುಂಬಯಿ, ಖಡ್ಕಿ, ಡೆಹ್ರಾಡೂನುಗಳಿಗೆ ಹೋಗುತ್ತದೆ. ಗಾಯಾಳು ಮತ್ತೆ ಬಂದೂಕು ಹಿಡಿದಾನು ಎಂಬ ಆಸೆ ಇರುವ ತನಕ ಸರ್ಕಾರ ಅವನನ್ನು ತನ್ನವನೆಂದು ನೋಡಿಕೊಂಡಿತು. ಡಿಸ್ಚಾರ್ಜ್ ಚೀಟಿ ಕೈಗೆ ಬಂದ ಮೇಲೆ ಅವನ ಬಾಳು ಬಹುಮಟ್ಟಿಗೆ ದಾನಿಗಳ ಚಂದಾ ಹಣವನ್ನೂ ಜಿಲ್ಲಾ ಕಚೇರಿಯ ದಯೆಯನ್ನೂ ನೆಚ್ಚಿಕೊಳ್ಳಬೇಕಾಯಿತು ಎಂಬುದು ನನ್ನ ವಾದ.

ಲಾಹೋರ್ ಡಿವಿಜನ್ 1914ರ ಸೆಪ್ಟೆಂಬರ್ ಕೊನೆಯಲ್ಲಿ ಮಾರ್ಸೇಲ್ ಬಂದರಿನಲ್ಲಿ ಇಳಿಯಿತು. ಮೀರತ್ ಡಿವಿಜನ್ ಅದರ ಬೆನ್ನಿಗೇ ಬಂತು. ಚಳಿಗಾಲ ಕಾಲಿಡುವ ಹೊತ್ತಿಗೆ ಗಾಯಾಳುಗಳು ಇಂಗ್ಲಿಷ್ ಕಾಲುವೆ ದಾಟಿ ದಕ್ಷಿಣ ಇಂಗ್ಲೆಂಡಿನ ಆಸ್ಪತ್ರೆಗಳನ್ನು ತುಂಬತೊಡಗಿದ್ದರು. ಸೇಂಟ್ ಜಾನ್ ಸಂಘಟನೆ ಕಟ್ಟಿದ ‘ಇಂಡಿಯನ್ ಸೋಲ್ಜರ್ಸ್ ಫಂಡ್’ ಬ್ರೋಕನ್‌ಹರ್ಸ್ಟಿನಲ್ಲಿ ಲೇಡಿ ಹಾರ್ಡಿಂಜ್ ಆಸ್ಪತ್ರೆಯನ್ನು ನಡೆಸಿತು. ಬ್ರೈಟನ್ನಿನಲ್ಲಿ ಒಂದು ಶಾಲೆ, ಒಂದು ಅನಾಥಾಲಯದಂಥ ದುಡಿಮೆಮನೆ, ಇವೆರಡರ ಜೊತೆಗೆ ರಾಜನ ಹಳೆಯ ಅರಮನೆ ರಾಯಲ್ ಪೆವಿಲಿಯನ್ ಕೂಡ ಆಸ್ಪತ್ರೆಗಳಾದವು. ಪೆವಿಲಿಯನ್ನಿನಲ್ಲಿ 700ಕ್ಕೂ ಹೆಚ್ಚು ಹಾಸಿಗೆಗಳಿದ್ದವು. ಅಲ್ಲಿ ಒಂಬತ್ತು ಅಡುಗೆಮನೆಗಳನ್ನು ಕಟ್ಟಿದರು: ಮುಸಲ್ಮಾನರಿಗೆ ಬೇರೆ, ಮಾಂಸ ತಿನ್ನುವ ಹಿಂದೂಗಳಿಗೆ ಬೇರೆ, ಸಸ್ಯಾಹಾರಿಗಳಿಗೆ ಬೇರೆ. ಕುಡಿಯುವ ನೀರಿನ ನಲ್ಲಿಗಳೂ ಬೇರೆ ಬೇರೆ. ಸಿಖ್ಖರ ಪ್ರಾರ್ಥನೆಗೆ ಡೇರೆ ಹಾಕಿದರು, ಹುಲ್ಲುಹಾಸಿನ ಒಂದು ಭಾಗವನ್ನು ನಮಾಜಿಗೆ ಬಿಟ್ಟರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಯೋಧರನ್ನು ಊರಾಚೆಯ ಗುಡ್ಡದ ಮೇಲೆ ವಿಧಿಯಂತೆ ದಹನ ಮಾಡಿದರು. 1921ರಲ್ಲಿ ಆ ಜಾಗದಲ್ಲಿ ಛತ್ರಿಯೊಂದನ್ನು ನಿಲ್ಲಿಸಲಾಯಿತು.

ಈ ಆರೈಕೆಯಲ್ಲಿ ನಿಜವಾದ ಕಾಳಜಿ ಇತ್ತು. ರಾಜಕೀಯದ ಲೆಕ್ಕಾಚಾರವೂ ಇತ್ತು. 1857ರ ನೆನಪು ಅಧಿಕಾರಿಗಳ ಮನಸ್ಸಿನಿಂದ ಮಾಸಿರಲಿಲ್ಲ. ಜಾತಿ, ಮತದ ಕಟ್ಟಳೆಗೆ ಧಕ್ಕೆ ಬಂತೆಂಬ ಸುದ್ದಿ ಪಂಜಾಬಿನ ಹಳ್ಳಿ ಮುಟ್ಟಿದರೆ ಹೊಸ ಸಿಪಾಯಿಗಳು ಸಿಗುವುದು ಕಷ್ಟವಾಗುತ್ತಿತ್ತು. ಅರಮನೆಯ ವೈಭವವನ್ನೂ ಆಸ್ಪತ್ರೆಯ ಏರ್ಪಾಟನ್ನೂ ಬಣ್ಣಿಸುವ ಪುಸ್ತಿಕೆಯೊಂದನ್ನು ಇಂಗ್ಲಿಷ್, ಉರ್ದು, ಗುರುಮುಖಿಗಳಲ್ಲಿ ಅಚ್ಚು ಹಾಕಿಸಿ ಹಂಚಿದ್ದು ಆ ಕಾರಣಕ್ಕೇ. ಅದೇ ಬ್ರೈಟನ್ನಿನ ಕಿಚನರ್ ಆಸ್ಪತ್ರೆಯ ಸುತ್ತ ಮುಳ್ಳುತಂತಿ ಇತ್ತು, ಕಾವಲಿತ್ತು. ಹೊರಗೆ ಅಡ್ಡಾಡಲು ಬಿಡದ ಆ ಜಾಗವನ್ನು ಸಿಪಾಯಿಗಳು ಜೈಲಿಗೆ ಸಮ ಎಂದುಕೊಂಡರು. ಅವರ ಕಾಗದಗಳನ್ನು ಸೆನ್ಸಾರ್ ಅಧಿಕಾರಿಗಳು ಒಡೆದು ಓದಿ, ಅನುವಾದಿಸಿ, ವರದಿ ಮಾಡುತ್ತಿದ್ದರು. ಇವತ್ತು ಸಿಪಾಯಿಯ ಮಾತು ನಮಗೆ ಕೇಳಿಸುತ್ತಿರುವುದು ಹೆಚ್ಚಾಗಿ ಆ ವರದಿಗಳ ಮೂಲಕವೇ.

ಆ ಮಾತುಗಳಲ್ಲಿ ಮತ್ತೆ ಮತ್ತೆ ಬರುವ ದೂರು ಒಂದೇ. ಗಾಯ ಮಾಯ್ದೊಡನೆ ಮತ್ತೆ ಕಂದಕಕ್ಕೆ ಅಟ್ಟುತ್ತಾರೆ. ಒಮ್ಮೆ ರಕ್ತ ಕೊಟ್ಟವನಿಗೂ ಮನೆಗೆ ಹೋಗುವ ದಾರಿಯಿಲ್ಲ. 1915ರ ಏಪ್ರಿಲ್‌ನಲ್ಲಿ ಈಪ್ರ್ ಬಳಿ ವಿಷಾನಿಲ ಕುಡಿದೂ ತನ್ನ ಜನರನ್ನು ಹೊತ್ತು ತಂದ ಜಮಾದಾರ ಮೀರ್ ದಸ್ತ್‌ಗೆ ಆಗಸ್ಟ್‌ನಲ್ಲಿ ಪೆವಿಲಿಯನ್ನಿನ ಹುಲ್ಲುಹಾಸಿನ ಮೇಲೆ ದೊರೆ ಐದನೆಯ ಜಾರ್ಜ್ ತಾನೇ ವಿಕ್ಟೋರಿಯಾ ಕ್ರಾಸ್ ತೊಡಿಸಿದ. ಏನಾದರೂ ಬೇಕೆ ಎಂಬ ಮಾತಿಗೆ ಮೀರ್ ದಸ್ತ್ ತನಗೆಂದು ಏನನ್ನೂ ಬೇಡಲಿಲ್ಲ. ಒಮ್ಮೆ ಗಾಯಗೊಂಡವನನ್ನು ಮತ್ತೆ ಕಂದಕಕ್ಕೆ ಕಳಿಸಬಾರದು ಎಂಬ ಅರಿಕೆಯನ್ನು ದೊರೆಯ ಮುಂದಿಟ್ಟ. ಸಾಮ್ರಾಜ್ಯದ ಅತ್ಯುನ್ನತ ಪದಕ ಎದೆಯ ಮೇಲಿರುವಾಗ ಈ ಮಾತಾಡುವುದಕ್ಕೆ ರಣರಂಗದಲ್ಲಿ ತೋರಿದ್ದಕ್ಕಿಂತ ಕಡಿಮೆ ಧೈರ್ಯ ಸಾಲದು. ನೀತಿ ಅದರಿಂದ ಬದಲಾಗಲಿಲ್ಲ. ವರ್ಷದ ಕೊನೆಗೆ ಭಾರತೀಯ ಪದಾತಿದಳ ಫ್ರಾನ್ಸ್ ಬಿಟ್ಟು ಹೊರಟಾಗ ಆ ಪ್ರಶ್ನೆ ಅಲ್ಲಿ ತಾನಾಗಿ ಮುಗಿಯಿತು. 1916ರ ಜನವರಿಯಲ್ಲಿ ಪೆವಿಲಿಯನ್ ಆಸ್ಪತ್ರೆ ಭಾರತೀಯರ ಪಾಲಿಗೆ ಮುಚ್ಚಿತು.

ಮುಂದೆ ಆ ಕಟ್ಟಡಕ್ಕೆ ಏನಾಯಿತೆಂಬುದನ್ನು ಗಮನಿಸಬೇಕು. ಅದೇ ವರ್ಷ ಅದು ಕೈಕಾಲು ಕಳೆದುಕೊಂಡ ಬ್ರಿಟಿಷ್ ಸೈನಿಕರ ಆಸ್ಪತ್ರೆಯಾಗಿ ತೆರೆಯಿತು, 1920ರವರೆಗೂ ನಡೆಯಿತು. ಅಲ್ಲಿ ರಾಣಿ ಮೇರಿಯ ಹೆಸರಿನ ಕಾರ್ಯಾಗಾರವಿತ್ತು. ಕೃತಕ ಕಾಲು ಒಗ್ಗುವಷ್ಟರಲ್ಲಿ ಒಂದು ಕಸುಬು ಕಲಿತು ಹೊರಗೆ ಹೋಗಬಹುದಿತ್ತು. ಬ್ರಿಟನ್ನಿನಲ್ಲಿ ಆಗಲೇ ಪಿಂಚಣಿಗೆಂದೇ ಒಂದು ಮಂತ್ರಾಲಯ ಹುಟ್ಟುವುದರಲ್ಲಿತ್ತು. 1917ರ ರಾಜಾಜ್ಞೆ ಯಾವ ಅಂಗ ಹೋದರೆ ಶೇಕಡಾ ಎಷ್ಟು ಪಿಂಚಣಿ ಎಂದು ಪಟ್ಟಿ ಮಾಡಿತು. ಒಂದೇ ಛಾವಣಿಯ ಕೆಳಗೆ ಮೊದಲು ಮಲಗಿದ್ದವರಿಗೆ ಸಿಕ್ಕಿದ್ದು ಚಿಕಿತ್ಸೆ. ಆಮೇಲೆ ಬಂದವರಿಗೆ ಚಿಕಿತ್ಸೆಯ ಜೊತೆಗೆ ಮುಂದಿನ ಬದುಕಿನ ಸಿದ್ಧತೆಯೂ ಸಿಕ್ಕಿತು.

ಬ್ರೈಟನ್ನಿನ ಚಿತ್ರವನ್ನೇ ಯುದ್ಧದ ಇಡೀ ಚಿತ್ರವೆಂದು ಬಗೆದರೆ ದೊಡ್ಡ ತಪ್ಪಾದೀತು. ಭಾರತೀಯರು ಹೆಚ್ಚಿನ ಸಂಖ್ಯೆಯಲ್ಲಿ ಕಾದಾಡಿದ್ದು ಮೆಸೊಪೊಟೇಮಿಯದಲ್ಲಿ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಲ್ಲಿದ್ದರು. ಮುಂದೆ ಬೆಳಗಾವಿಯನ್ನು ತವರು ಮಾಡಿಕೊಂಡ ಮರಾಠಾ ರೆಜಿಮೆಂಟಿನ ಪೂರ್ವಜ ಪಲ್ಟಣಗಳು ಪುಣೆ ಡಿವಿಜನ್ನಿನ ಜೊತೆ ಕುತ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ನವೆಂಬರ್‌ನಲ್ಲಿ ಟೆಸಿಫಾನ್ ಕಾಳಗದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿ ಸತ್ತು ಗಾಯಗೊಂಡರು. ಮೂಳೆ ಮುರಿದವರನ್ನೂ ಸ್ಪ್ರಿಂಗ್ ಇಲ್ಲದ ಸಾಮಾನಿನ ಗಾಡಿಗಳಲ್ಲಿ ಹೇರಿ ನದಿಯ ದಡಕ್ಕೆ ತಂದರು. ಅಲ್ಲಿಂದ ದಿನಗಟ್ಟಲೆ ದೋಣಿಯ ಪಯಣ. ಬಸ್ರಾದಲ್ಲಿ ಆಸ್ಪತ್ರೆ ಹಡಗಿನ ಹೊಣೆ ಹೊತ್ತಿದ್ದ ಮೇಜರ್ ಕಾರ್ಟರ್ ಎಂಬ ವೈದ್ಯ, ‘ಮೆಜಿದಿಯೆ’ ಎಂಬ ಉಗಿದೋಣಿ ಹತ್ತಿರ ಬಂದಾಗ ಅದರ ಅಂಚಿನಿಂದ ಹಗ್ಗಗಳು ಇಳಿಬಿದ್ದಿವೆ ಎಂದುಕೊಂಡ. ಅವು ಹಗ್ಗಗಳಾಗಿರಲಿಲ್ಲ, ಒಣಗಿದ ಮಲ. ಏಳಲಾರದ ಗಾಯಾಳುಗಳನ್ನು ಡೆಕ್ಕಿನ ಮೇಲೆ ಒತ್ತೊತ್ತಾಗಿ ತುಂಬಿದ್ದರು. ಅವರು ಮಲಗಿದಲ್ಲೇ ಎಲ್ಲವೂ ಆಗಬೇಕಿತ್ತು. ಕಂಡದ್ದನ್ನು ಕಂಡಂತೆ ಬರೆದದ್ದಕ್ಕೆ ಮೇಲಧಿಕಾರಿಗಳು ಕಾರ್ಟರನನ್ನೇ ಬೆದರಿಸಿದರು. ಅವನ ಸಾಕ್ಷ್ಯ ಉಳಿಯಿತು. 1917ರಲ್ಲಿ ಮೆಸೊಪೊಟೇಮಿಯಾ ಆಯೋಗದ ವರದಿ ಹೊರಬಿದ್ದಾಗ ಭಾರತ ಮಂತ್ರಿ ಆಸ್ಟಿನ್ ಚೇಂಬರ್ಲಿನ್ ರಾಜೀನಾಮೆ ಕೊಡಬೇಕಾಯಿತು. ಬ್ರೈಟನ್ನಿನಲ್ಲಿ ನಲ್ಲಿಗೊಂದು ಫಲಕ ಬರೆಸಿದ ಸಾಮ್ರಾಜ್ಯವೇ ಟೈಗ್ರಿಸ್ ದಡದಲ್ಲಿ ಗಾಯಾಳುವಿಗೆ ಸ್ಟ್ರೆಚರು ಒದಗಿಸಿರಲಿಲ್ಲ. ನೋಡುವ ಕಣ್ಣುಗಳಿದ್ದ ಕಡೆ ಆರೈಕೆ ಇತ್ತು ಎಂದು ತೀರ್ಮಾನಿಸದೆ ವಿಧಿಯಿಲ್ಲ.

ಡಿಸ್ಚಾರ್ಜ್ ಆದವನ ವಿಷಯಕ್ಕೆ ಬರೋಣ. ವೈಸ್‌ರಾಯ್ ಹಾರ್ಡಿಂಜ್ 1914ರಲ್ಲೇ ಇಂಪೀರಿಯಲ್ ಇಂಡಿಯನ್ ರಿಲೀಫ್ ಫಂಡ್ ತೆರೆದಿದ್ದ. ದೇಶದ ಉದ್ದಗಲಕ್ಕೂ ಚಂದಾ ಎತ್ತಿದರು. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧದ ಖರ್ಚಿಗೆಂದು ಕೊಟ್ಟ 50 ಲಕ್ಷ ರೂಪಾಯಿ ಆ ಕಾಲದ ಬಹುದೊಡ್ಡ ಕಾಣಿಕೆಗಳಲ್ಲಿ ಒಂದು. ನೆರವಿನ ದಾರಿ ಮಾತ್ರ ಮೆಡಿಕಲ್ ಬೋರ್ಡಿನ ಬಾಗಿಲಲ್ಲೇ ಕಿರಿದಾಗುತ್ತಿತ್ತು. ಊನ ಸೇವೆಯಿಂದಲೇ ಬಂದದ್ದೆಂದು ಬೋರ್ಡು ಒಪ್ಪಬೇಕು. ಗುಂಡು ತಗುಲಿದವನಿಗೆ ಅದು ಸುಲಭ. ಮಲೇರಿಯಾ, ಕ್ಷಯ, ಆಮಶಂಕೆಯಿಂದ ಬಡವಾದವನಿಗೆ ಅಷ್ಟು ಸುಲಭವಲ್ಲ. ಸಿಪಾಯಿಯ ಕೆಳಗೆ ಇನ್ನೂ ಒಂದು ಮೆಟ್ಟಿಲಿತ್ತು. ಯುದ್ಧಕಾಲದಲ್ಲಿ ಸೇನೆಗೆ ಸೇರಿಸಿಕೊಂಡ ಭಾರತೀಯರಲ್ಲಿ ಸುಮಾರು ಐದೂವರೆ ಲಕ್ಷ ಮಂದಿ ಹೇಸರಗತ್ತೆ ನಡೆಸುವವರು, ಡೋಲಿ ಹೊರುವವರು, ಅಡುಗೆಯವರು, ಜಾಡಮಾಲಿಗಳು, ರಸ್ತೆ ಕಡಿಯುವ ಕೂಲಿಗಳು. ಇತಿಹಾಸಕಾರ್ತಿ ರಾಧಿಕಾ ಸಿಂಘಾ ತಮ್ಮ ‘ದ ಕೂಲೀಸ್ ಗ್ರೇಟ್ ವಾರ್’ (2020) ಗ್ರಂಥದಲ್ಲಿ ಇವರನ್ನು ಸಂಬಳ, ಬಟ್ಟೆ, ಗಾಯದ ಪಿಂಚಣಿ ಎಲ್ಲದರಲ್ಲೂ ಕೆಳಗಿಟ್ಟದ್ದನ್ನು ಕಡತಗಳಿಂದಲೇ ತೋರಿಸಿಕೊಟ್ಟಿದ್ದಾರೆ. ಗುಂಡು ಇವರನ್ನು ಬೇರೆ ಎಂದು ಬಗೆಯಲಿಲ್ಲ. ಅವರಲ್ಲಿ ಬಹುಪಾಲು ತಳಸಮುದಾಯಗಳವರೆಂಬುದನ್ನು ಬಿಟ್ಟು ಈ ವಿಷಯವನ್ನು ಬರೆಯುವುದು ನ್ಯಾಯವಲ್ಲ.

ಯುದ್ಧ ಮುಗಿದ ಮೇಲೆ ಪಂಜಾಬಿನ ಕಾಲುವೆ ಬಯಲಿನಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಕ್ಕಿ ಜಮೀನನ್ನು ಸೈನಿಕರಿಗೆ ಹಂಚಿದರು. ಅದು ಶೌರ್ಯ, ಸೇವೆ, ನಿಷ್ಠೆಗಳಿಗೆ ಕೊಟ್ಟ ಇನಾಮು. ಕಾಲಿಲ್ಲದವನಿಗೆ ಉಳುವ ಭೂಮಿ ಸಿಕ್ಕರೂ ಉತ್ತಾನೇ? ಈ ಪ್ರಶ್ನೆಗೆ ಉತ್ತರ ಹುಡುಕಿದ ಸಂಸ್ಥೆ ಮುಂಬಯಿಯಲ್ಲಿ ಹುಟ್ಟಿತು. ಮುಂಬಯಿ ಪ್ರಾಂತದ ಗವರ್ನರನ ಪತ್ನಿ ಲೇಡಿ ವಿಲಿಂಗ್‌ಡನ್ ಯುದ್ಧ ಪರಿಹಾರ ನಿಧಿಯ ಮಹಿಳಾ ಶಾಖೆಯ ಮುಂದಾಳಾಗಿದ್ದಳು. 1917ರಲ್ಲಿ ಅವಳು ಅಂಗವಿಕಲ ಭಾರತೀಯ ಸೈನಿಕರಿಗೆಂದೇ ಕ್ವೀನ್ ಮೇರೀಸ್ ಟೆಕ್ನಿಕಲ್ ಸ್ಕೂಲ್ ತೆರೆದಳು. ಹೊಲಿಗೆ, ಹೆಣಿಗೆ, ಮೋಟಾರು ಕೆಲಸದಂಥ ಕಸುಬುಗಳನ್ನು ಅಲ್ಲಿ ಕಲಿಸಿದರು. 1920ರ ದಶಕದಲ್ಲಿ ಶಾಲೆ ಪುಣೆಯ ಖಡ್ಕಿಗೆ ಹೋಯಿತು. ಇಂದಿಗೂ ಅಲ್ಲೇ ನಡೆಯುತ್ತಿದೆ. ನನ್ನ ದೃಷ್ಟಿಯಲ್ಲಿ ಆ ಯುದ್ಧದ ನೆರವುಗಳಲ್ಲೆಲ್ಲ ಹೆಚ್ಚು ಬಾಳಿದ್ದು, ಹೆಚ್ಚು ಬಾಳಿಸಿದ್ದು ಇದೇ. ಪಿಂಚಣಿ ಹಸಿವನ್ನು ತಡೆಯುತ್ತಿತ್ತು. ಕಸುಬು ಊರಿನಲ್ಲಿ ಅವನ ಮರ್ಯಾದೆಯನ್ನು ಉಳಿಸುತ್ತಿತ್ತು. ಆದರೂ ಇಷ್ಟು ಅಗತ್ಯವಾದ ಕೆಲಸ ಸರ್ಕಾರದ ಖಜಾನೆಯ ಬದಲು ಮಹಿಳೆಯರ ಚಂದಾ ಪಟ್ಟಿಯಿಂದ ಶುರುವಾಯಿತೆಂಬುದನ್ನು ಮರೆಯಬಾರದು.

ಸರ್ಕಾರ ತನ್ನ ಪಾಲಿನ ವ್ಯವಸ್ಥೆ ಕಟ್ಟಿದ್ದು 1919ರಲ್ಲಿ, ಇಂಡಿಯನ್ ಸೋಲ್ಜರ್ಸ್ ಬೋರ್ಡಿನ ರೂಪದಲ್ಲಿ. ಇಂದಿನ ಕೇಂದ್ರೀಯ ಸೈನಿಕ ಮಂಡಳಿಗೂ ಜಿಲ್ಲಾ ಸೈನಿಕ ಕಚೇರಿಗಳಿಗೂ ಮೂಲ ಅದೇ. ಸಿಪಾಯಿಗಳು ದಟ್ಟವಾಗಿದ್ದ ಜಿಲ್ಲೆಗಳಲ್ಲಿ ಬೋರ್ಡು ಕೆಲಸ ಮಾಡಿತು; ಅಲ್ಲೊಬ್ಬ ಇಲ್ಲೊಬ್ಬ ಇದ್ದ ಕಡೆ ಅದರ ಕೈ ಚಾಚಲಿಲ್ಲ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಸೇನೆ 25 ಲಕ್ಷಕ್ಕೆ ಬೆಳೆದಿತ್ತು; ಹಳೆಯ ಪಾಠಗಳಲ್ಲಿ ಕೆಲವನ್ನಾದರೂ ಕಲಿತಿದ್ದರು. ಯುದ್ಧೋತ್ತರ ಪುನರ್ನಿರ್ಮಾಣ ನಿಧಿಗೆ ಪ್ರತಿ ಯೋಧನ ಲೆಕ್ಕದಲ್ಲಿ ತಿಂಗಳಿಗೆ 2 ರೂಪಾಯಿ, ಯೋಧನಲ್ಲದವನ ಲೆಕ್ಕದಲ್ಲಿ 1 ರೂಪಾಯಿ ತೆಗೆದಿಟ್ಟರು. ಹಳೆಯ ತಾರತಮ್ಯ ಇಲ್ಲೂ ಅರ್ಧದ ಲೆಕ್ಕದಲ್ಲಿ ಉಳಿದುಕೊಂಡಿತು. 1944ರಲ್ಲಿ ಪುಣೆಯಲ್ಲಿ ಕೃತಕ ಅಂಗ ಕೇಂದ್ರ ತೆರೆಯಿತು. ಕುರ್ಚಿಯಲ್ಲಿ ಕೂತು ಬೂಟು ಹಾಕಿ ನಡೆಯುವವನಿಗೆಂದು ಯುರೋಪಿನಲ್ಲಿ ರೂಪಿಸಿದ ಕಾಲು, ಕುಕ್ಕರುಗಾಲಲ್ಲಿ ಕೂರುವ, ಬರಿಗಾಲಲ್ಲಿ ಗದ್ದೆಗಿಳಿಯುವ ರೈತನಿಗೆ ಒಗ್ಗುವುದು ಕಷ್ಟ. ಆ ತೊಡಕನ್ನು ಬಿಡಿಸಿದ ಜೈಪುರ ಕಾಲು ಬರಲು 1968ರವರೆಗೆ ಕಾಯಬೇಕಾಯಿತು. ಅದನ್ನು ರೂಪಿಸಿದವರು ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ. ಕೆ. ಸೇಠಿ.

ಡೆಹ್ರಾಡೂನಿನ ಕತೆ ಇವೆಲ್ಲಕ್ಕಿಂತ ದೂರ ಹೋಗುತ್ತದೆ. ನ್ಯೂಜಿಲೆಂಡಿನ ಕ್ಲೂತಾ ಮೆಕೆಂಜಿ 1915ರಲ್ಲಿ ಗಲಿಪೊಲಿಯಲ್ಲಿ ಎರಡೂ ಕಣ್ಣು ಕಳೆದುಕೊಂಡ ಯುವಕ. ಲಂಡನ್ನಿನ ಸೇಂಟ್ ಡನ್‌ಸ್ಟನ್ಸ್ ಸಂಸ್ಥೆಯಲ್ಲಿ ಮತ್ತೆ ಬದುಕಲು ಕಲಿತು, ಅಂಧರ ಕೆಲಸವನ್ನೇ ಬಾಳಿನ ಕೆಲಸವಾಗಿ ಮಾಡಿಕೊಂಡರು. ಎರಡನೆಯ ಯುದ್ಧದ ನಡುವೆ ಭಾರತಕ್ಕೆ ಬಂದು, ದೃಷ್ಟಿ ಕಳೆದುಕೊಂಡ ಭಾರತೀಯ ಸೈನಿಕರಿಗಾಗಿ 1943ರಲ್ಲಿ ಡೆಹ್ರಾಡೂನಿನಲ್ಲಿ ಶುರುವಾದ ಸೇಂಟ್ ಡನ್‌ಸ್ಟನ್ಸ್ ವಸತಿಗೃಹವನ್ನು ಮುನ್ನಡೆಸಿದರು. ಕಲಿಸುವವನಿಗೂ ಕಲಿಯುವವನಿಗೂ ಗಾಯ ಒಂದೇ. ಉಪಕಾರ ಮಾಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಅಂತರ ಇಲ್ಲಿ ಮೊದಲ ಬಾರಿಗೆ ಕಡಿಮೆಯಾಯಿತು. 1950ರಲ್ಲಿ ಭಾರತ ಸರ್ಕಾರ ಅದನ್ನು ವಹಿಸಿಕೊಂಡು ವಯಸ್ಕ ಅಂಧರ ತರಬೇತಿ ಕೇಂದ್ರವಾಗಿ ನಾಗರಿಕರಿಗೂ ತೆರೆಯಿತು. ಮರುವರ್ಷ ಅದೇ ಊರಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಬಂತು.

ಇಲ್ಲಿ ಕನ್ನಡದ ಎಳೆಯೂ ಸೇರಿಕೊಳ್ಳುತ್ತದೆ. ಮೈಸೂರಿನಲ್ಲಿ 1901ರಿಂದಲೇ ಅಂಧ ಮತ್ತು ಕಿವುಡ ಮಕ್ಕಳ ಶಾಲೆ ಇತ್ತು. ಆದರೆ ದೇಶದ ಬೇರೆ ಬೇರೆ ಶಾಲೆಗಳು ಬೇರೆ ಬೇರೆ ಬ್ರೈಲ್ ಪದ್ಧತಿಗಳನ್ನು ಅನುಸರಿಸುತ್ತಿದ್ದವು. ಒಂದು ಕಡೆ ಕಲಿತವನು ಇನ್ನೊಂದು ಕಡೆ ಅನಕ್ಷರಸ್ಥ. ಮೆಕೆಂಜಿ ಯುನೆಸ್ಕೊದ ಸಲಹೆಗಾರರಾಗಿ ಈ ಗೊಂದಲದ ಪರಿಹಾರಕ್ಕೂ ದುಡಿದರು. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಯಿತು. ಅದರಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ತಮಿಳಿನ ‘ಕ’ ಮೂರಕ್ಕೂ ಒಂದನೆಯ ಮತ್ತು ಮೂರನೆಯ ಚುಕ್ಕಿಗಳೇ. ಇಂದು ಕನ್ನಡದ ಬ್ರೈಲ್ ಪಠ್ಯದ ಮೇಲೆ ಬೆರಳಾಡಿಸುವ ಮಗುವಿಗೂ ಗಲಿಪೊಲಿಯ ಒಬ್ಬ ಗಾಯಾಳುವಿಗೂ ಇರುವ ನಂಟು ಇದು.

ಸ್ವತಂತ್ರ ಭಾರತದಲ್ಲಿ 1949ರಿಂದ ಡಿಸೆಂಬರ್ 7ರಂದು ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಎತ್ತುತ್ತಾರೆ. ಮೆಡಿಕಲ್ ಬೋರ್ಡಿನ ಹಳೆಯ ಪ್ರಶ್ನೆ, ಊನ ಸೇವೆಯಿಂದಲೇ ಬಂತೆ ಎಂಬುದು, ಇನ್ನೂ ನ್ಯಾಯಾಲಯಗಳನ್ನು ಹತ್ತುತ್ತಲೇ ಇದೆ. ಆರೋಗ್ಯವಂತನೆಂದು ದಾಖಲಿಸಿ ಸೇನೆಗೆ ಸೇರಿಸಿಕೊಂಡವನ ಊನ ಸೇವೆಯಿಂದ ಬಂದದ್ದಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲ, ಸರ್ಕಾರದ್ದು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಸ್ಪಷ್ಟಪಡಿಸಿತು. ಈ ನ್ಯಾಯ 1916ರಲ್ಲಿ ಬಸ್ರಾದಿಂದ ಜ್ವರ ಹೊತ್ತು ಬಂದವನಿಗೆ ಸಿಗಲಿಲ್ಲ.

ಸಿಪಾಯಿಯ ಮಾತು ಕಡತದಲ್ಲಿ ಉಳಿದದ್ದು ಸೆನ್ಸಾರ್ ಅಧಿಕಾರಿ ಅವನ ಕಾಗದ ಓದುತ್ತಿದ್ದ ತನಕ ಮಾತ್ರ. ಊರು ಸೇರಿದ ಮೇಲೆ ಅವನೇನು ಬರೆದ, ಯಾರಿಗೆ ಅರ್ಜಿ ಹಾಕಿಕೊಂಡ, ಪಿಂಚಣಿಗಾಗಿ ಎಷ್ಟು ಸಲ ಖಜಾನೆಗೆ ಅಲೆದ ಎಂಬುದನ್ನು ಯಾರೂ ನಕಲು ಮಾಡಿ ಇಡಲಿಲ್ಲ. ಬೆಂಗಳೂರಿನ ಜೆ. ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. ಮೊದಲ ಮಹಾಯುದ್ಧದಲ್ಲಿ ಆ ಪಡೆಯೊಂದಿಗೆ ಹೈಫಾದಲ್ಲಿ ಕಾದಿ ಊನಗೊಂಡು ಮರಳಿದವರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಕೊಡಗು, ಬೆಳಗಾವಿ, ಮೈಸೂರು, ಬೆಂಗಳೂರು ದಂಡಿನ ಹಳೆಯ ಮನೆಗಳಲ್ಲಿ ಅಜ್ಜ, ಮುತ್ತಜ್ಜಂದಿರ ಡಿಸ್ಚಾರ್ಜ್ ಚೀಟಿ, ಪಿಂಚಣಿ ಪುಸ್ತಕ, ಅರ್ಜಿಯ ಪ್ರತಿಗಳು ಇದ್ದರೆ ದಯವಿಟ್ಟು ಹಳೆ ಕಾಗದವೆಂದು ರದ್ದಿಗೆ ಹಾಕಬೇಡಿ. ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಲುಪಿಸಿ.