ನಮ್ಮ ಹಣ್ಣಿಗೆ ಅಡ್ಡ ನಿಂತಿದ್ದು ಯಾರು?

ಜಮಖಂಡಿ ಹತ್ತಿರದ ಹುನ್ನೂರಿನ ವೀಕ್ಷಕರೊಬ್ಬರು ಕೇಳಿದ್ದರು: "ನಮ್ಮ ದಾಳಿಂಬ್ರಿ ಅಮೆರಿಕಾಕ್ಕ ಯಾಕ ಹೋಗಂಗಿಲ್ರೀ?" ಒಂದೇ ಮಾತಲ್ಲಿ ಉತ್ತರ ಹೇಳೋಕಾಗಲ್ಲ. ಸ್ವಲ್ಪ ಹಿಂದಕ್ಕೆ ಹೋಗೋಣ, ಮಾವಿನಿಂದ ಶುರು ಮಾಡೋಣ.

2007ಕ್ಕೆ ಮುಂಚೆ ಹೆಚ್ಚುಕಡಿಮೆ 18 ವರ್ಷ ಭಾರತದ ಮಾವಿಗೆ ಅಮೆರಿಕದ ಬಾಗಿಲು ಮುಚ್ಚಿತ್ತು. ರುಚಿ ಕಮ್ಮಿ ಅಂತಲ್ಲ, ರೇಟು ಜಾಸ್ತಿ ಅಂತಲೂ ಅಲ್ಲ. ವಾಟೆಯೊಳಗೆ ಅಡಗಿ ಕೂರೋ ಒಂದು ಹುಳದ ಭಯ. 2006ರ ಮಾರ್ಚ್‌ನಲ್ಲಿ ಜಾರ್ಜ್ ಬುಷ್ ದೆಹಲಿಗೆ ಬಂದಾಗ ಅಣು ಒಪ್ಪಂದದ ಜೊತೆ ಮಾವಿನ ಮಾತೂ ಆಯ್ತು. ಮಾರನೇ ವರ್ಷ ಏಪ್ರಿಲ್‌ನಲ್ಲಿ ಮೊದಲ ಆಪೂಸು ಅಮೆರಿಕ ತಲುಪಿತು. ಬದಲಿಗೆ ಹಾರ್ಲೆ ಡೇವಿಡ್‌ಸನ್ ಬೈಕು ಇಲ್ಲಿಗೆ ಬರಬೇಕು ಅಂತ ಚೌಕಾಸಿಯೂ ನಡೆದಿತ್ತು, ಅದು ಬೇರೆ ಕಥೆ!

ಇಂಜಿನಿಯರಿಂಗ್ ಓದಿದ ನನಗೆ ಇಲ್ಲಿ ಇಷ್ಟವಾಗೋದು ಬುಷ್ ಅಲ್ಲ, ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನಲ್ಲಿರೋ ಒಂದು ಯಂತ್ರ. ಈರುಳ್ಳಿ ಮೊಳಕೆ ಒಡೆಯದಿರಲಿ ಅಂತ ಕಟ್ಟಿದ ಘಟಕ ಅದು. ಅಲ್ಲಿ ಕೋಬಾಲ್ಟ್-60ರ ಗಾಮಾ ಕಿರಣವನ್ನು ಮಾವಿನ ಮೇಲೆ ಹಾಯಿಸಿದರು. 400 ಗ್ರೇ ಕಿರಣ ಬಿದ್ದರೆ ಹುಳ ಮರಿ ಮಾಡಲ್ಲ, ಹಣ್ಣಲ್ಲಿ ವಿಕಿರಣವೂ ಉಳಿಯಲ್ಲ. ಬಾಗಿಲು ತೆಗೆದಿದ್ದು ಭಾಷಣ ಅಲ್ಲ, ಈ ಯಂತ್ರ.

ಈಗ ಬಾಗಲಕೋಟೆ ದಾಳಿಂಬೆಗೆ ಬನ್ನಿ. ಇಲ್ಲಿ ಮೊದಲ ಏಟು ಬಿದ್ದಿದ್ದು ಬಂದರಿನಲ್ಲಲ್ಲ, ತೋಟದಲ್ಲೇ. 2000ದ ದಶಕದಲ್ಲಿ ದುಂಡಾಣು ಅಂಗಮಾರಿ ಬಾಗಲಕೋಟೆ, ವಿಜಯಪುರ, ಕೊಪ್ಪಳದ ತೋಟಗಳಿಗೆ ನುಗ್ಗಿತು. ಕಾಯಿ ಮೇಲೆ ಎಣ್ಣೆ ಕಲೆಯಂಥ ಚುಕ್ಕೆ, ಆಮೇಲೆ ಸೀಳು. ಸಾಲ ಮಾಡಿ ಬೆಳೆಸಿದ ಗಿಡಗಳನ್ನು ರೈತರೇ ಕಿತ್ತು ಬೆಂಕಿಗೆ ಹಾಕಿದರು. ನೀರಿದ್ದ ಕಡೆ ಕಬ್ಬು ಹಚ್ಚಿದರು. ಸೊಲ್ಲಾಪುರದಲ್ಲಿ ದಾಳಿಂಬೆಗಾಗಿಯೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಬಂದಿದ್ದು 2005ರಲ್ಲಿ. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಆಗಿದ್ದು 2008ರಲ್ಲಿ. ಅಷ್ಟರಲ್ಲಿ ಎಷ್ಟೋ ತೋಟ ಬೋಳಾಗಿದ್ದವು. ಇದನ್ನು ತಡ ಅಂತಲೇ ನಾನು ಕರೀತೀನಿ.

2025ರ ಮಾರ್ಚ್‌ನಲ್ಲಿ ಭಾರತದ ದಾಳಿಂಬೆ ಮೊದಲ ಸಲ ವಾಣಿಜ್ಯ ಪ್ರಮಾಣದಲ್ಲಿ ಹಡಗಿನಲ್ಲಿ ನ್ಯೂಯಾರ್ಕ್ ಮುಟ್ಟಿತು. ಸುಮಾರು 14 ಟನ್, 4,620 ಪೆಟ್ಟಿಗೆ, ಐದು ವಾರದ ಪಯಣ. ವಿಮಾನದ ಬಾಡಿಗೆ ಮುಂದೆ ಹಡಗಿನ ಬಾಡಿಗೆ ಎಷ್ಟು ಹಗುರ ಅಂತ ಬಿಡಿಸಿ ಹೇಳಬೇಕಾ? ಹೋಗಿದ್ದು ಭಗವಾ ತಳಿ. ಹುನ್ನೂರಿನ ಸುತ್ತ ಬೆಳೆಯೋದೂ ಅದೇ ಭಗವಾ. ಚುಕ್ಕೆ ಇಲ್ಲದ ಹಣ್ಣು, ತೋಟದ ದಾಖಲೆ, ಕಿರಣದ ಘಟಕ, ತಂಪು ಕಂಟೇನರ್, ಇಷ್ಟು ಸಿಗಬೇಕು. ಮೊದಲೆರಡು ರೈತರ ಕೈಯಲ್ಲಿವೆ. ಉಳಿದೆರಡಕ್ಕೆ ಹುನ್ನೂರಿನವರು ಈ ಪ್ರಶ್ನೆಯನ್ನು ನನಗಲ್ಲ, ವೋಟು ಕೇಳೋಕೆ ಬರೋರಿಗೆ ಕೇಳಬೇಕು.