ಒತ್ತಕ್ಷರದ ಅಳತೆ: ಡೆಸ್ಕ್‌ಟಾಪ್ ಥೀಮನ್ನು ಬ್ರೌಸರಿಗೆ ಒಗ್ಗಿಸುವಾಗ

ಲಿನಕ್ಸ್ ಗಣಕಗಳಲ್ಲಿ ಗುಂಡಿ, ಪಟ್ಟಿ, ಕಿಟಕಿಗಳನ್ನು ಕಟ್ಟಲು ಬಳಕೆಯಲ್ಲಿರುವ ಜಿಟಿಕೆ ಎಂಬ ತಂತ್ರಾಂಶ, 2011ರ ಮೂರನೆಯ ಆವೃತ್ತಿಯಿಂದ ತನ್ನ ಥೀಮುಗಳಿಗೆ ಸಿಎಸ್‌ಎಸ್‌ನಂಥದೇ ಭಾಷೆಯನ್ನು ಬಳಸುತ್ತಿದೆ. ಸಿಎಸ್‌ಎಸ್ 1996ರಲ್ಲಿ ಮಾನಕವಾದದ್ದು ಜಾಲಪುಟಗಳಿಗಾಗಿ. ಹಾಗಾಗಿ ಡೆಸ್ಕ್‌ಟಾಪ್ ಥೀಮು ಬ್ರೌಸರಿಗೆ ಬರುವುದು ತವರಿಗೆ ಮರಳಿದಷ್ಟು ಸಲೀಸು ಎನಿಸುತ್ತದೆ. ಬಣ್ಣಗಳ ಮಟ್ಟಿಗೆ ಇದು ಬಹುಪಾಲು ನಿಜ. ‘ಡಿಫೈನ್-ಕಲರ್’ ಎಂದು ಹೆಸರಿಟ್ಟ ಬಣ್ಣಗಳು ಬ್ರೌಸರಿನಲ್ಲಿ ಚರಗಳಾಗುತ್ತವೆ. ‘ಮಿಕ್ಸ್’ ಇದ್ದಲ್ಲಿ ‘ಕಲರ್-ಮಿಕ್ಸ್’ ಬರುತ್ತದೆ. ‘ಶೇಡ್’ ಮಾತ್ರ ಎಡವಿಸುತ್ತದೆ. ಅದು ಕಪ್ಪು ಬೆರೆಸುವುದಿಲ್ಲ, ಬಣ್ಣದ ಬೆಳಕನ್ನೂ ಗಾಢತೆಯನ್ನೂ ಒಟ್ಟಿಗೆ ಗುಣಿಸುತ್ತದೆ. ಕಪ್ಪು ಬೆರೆಸಿ ಸರಿಗಟ್ಟಲು ಹೋದರೆ ಮೂಲದ ಛಾಯೆ ಸಿಗದು.

ನಿಜವಾದ ತೊಡಕು ಎತ್ತರದ್ದು. ಜಿಟಿಕೆ 3ರ ಥೀಮಿನಲ್ಲಿ ಸಾಲಿನ ಎತ್ತರ ಹೇಳುವ ‘ಲೈನ್-ಹೈಟ್’ ಎಂಬ ಗುಣವೇ ಇಲ್ಲ. ಗುಂಡಿಗೆ ಕನಿಷ್ಠ ಎತ್ತರ ಹೇಳಬಹುದು, ಇಷ್ಟೇ ಎಂದು ಕಟ್ಟಿಹಾಕಲಾಗದು. ಅಕ್ಷರ ಬೆಳೆದರೆ ಗುಂಡಿಯೂ ಬೆಳೆಯುತ್ತದೆ. ಫಾಂಟು ತನಗೆ ಬೇಕಾದ ಜಾಗವನ್ನು ತಾನೇ ಕೇಳಿ ಪಡೆಯುವ ಈ ಏರ್ಪಾಡು ಥೀಮಿನ ಕಡತದಲ್ಲಿ ಎಲ್ಲೂ ಬರೆದಿರುವುದಿಲ್ಲ. ಆದ್ದರಿಂದಲೇ ಅದು ಬ್ರೌಸರಿಗೆ ದಾಟಿ ಬರುವುದಿಲ್ಲ. ಜಾಲಪುಟ ಮಾಡುವವರು ಆ ತೆರಪನ್ನು ರೋಮನ್ ಅಕ್ಷರ ನೋಡಿ ಆರಿಸಿದ ಅಂಕಿಯಿಂದ ತುಂಬುತ್ತಾರೆ.

ಇದರ ಪರಿಣಾಮ ಅಳೆಯಲು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹೆಸರು ಸಾಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಮೊದಲೆರಡರಲ್ಲಿ ನಕಾರದ ಒತ್ತು ಸಾಲಿನ ಕೆಳಗಿಳಿಯುತ್ತದೆ. ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾದ ನ್ಯಾಮತಿಯಲ್ಲಿ ಯಕಾರದ ಒತ್ತು ಕೆಳಗೂ ಬಲಕ್ಕೂ ಚಾಚುತ್ತದೆ. ಆಯ್ಕೆಪಟ್ಟಿಯಲ್ಲಿ ಸಾಲುಗಳನ್ನು ಬಿಗಿದರೆ ಚನ್ನಗಿರಿಯ ಒತ್ತು ಹೊನ್ನಾಳಿಯ ತಲೆಕಟ್ಟಿಗೆ ತಾಗುತ್ತದೆ. ಎತ್ತರ ಕಟ್ಟಿ, ಮಿಕ್ಕದ್ದನ್ನು ಮರೆಮಾಡಿ ಎಂದರೆ ಒತ್ತೇ ಕತ್ತರಿಸಿ ಹೋಗಿ ‘ಚನಗಿರಿ’ ಉಳಿಯುತ್ತದೆ. ಜಗಳೂರಿನಲ್ಲಿ ಒತ್ತಿಲ್ಲ, ಆರು ಯೂನಿಕೋಡ್ ಚಿಹ್ನೆಗಳ ಆ ಹೆಸರು ಎತ್ತರದ ಪರೀಕ್ಷೆಯಲ್ಲಿ ಸುಮ್ಮನೆ ಪಾಸಾಗುತ್ತದೆ, ಅಗಲವನ್ನಷ್ಟೇ ಕೇಳುತ್ತದೆ. (ಪಕ್ಕದಲ್ಲಿ ‘ತಾಲ್ಲೂಕು’ ಎಂದು ಬರೆದರೆ ಅದಕ್ಕೂ ಬಿಡುಗಡೆಯಿಲ್ಲ.) ಜಿಲ್ಲೆಯ ಹೆಸರಾದ ದಾವಣಗೆರೆಯಲ್ಲೂ ಒತ್ತಿಲ್ಲ. ಪುಟದ ತಲೆಬರಹವನ್ನಷ್ಟೇ ನೋಡಿ ‘ಕನ್ನಡ ಸರಿಯಾಗಿ ಬರುತ್ತಿದೆ’ ಎಂದು ಒಪ್ಪಿಬಿಡುವ ತಪ್ಪು ಆಗುವುದು ಇಂಥಲ್ಲೇ.

ಪರಿಹಾರ ದೊಡ್ಡದೇನಲ್ಲ. ಸಾಲಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಹೇಳದೆ ಬರಿಯ ಅಂಕಿಯಲ್ಲಿ ಹೇಳಬೇಕು. ಆಗ ಒಳಗಿನ ಪ್ರತಿ ಅಂಶವೂ ತನ್ನ ಅಕ್ಷರದ ಗಾತ್ರಕ್ಕೆ ತಕ್ಕಂತೆ ಎತ್ತರ ಪಡೆಯುತ್ತದೆ. ಗುಂಡಿಗೆ ‘ಹೈಟ್’ ಬದಲು ‘ಮಿನ್-ಹೈಟ್’ ಕೊಟ್ಟರೆ ಜಿಟಿಕೆಯ ಮೂಲ ನಡತೆಯೇ ಮರಳುತ್ತದೆ. ದಪ್ಪಕ್ಷರ ಇಲ್ಲದ ಫಾಂಟಿಗೆ ಬ್ರೌಸರು ತಾನೇ ದಪ್ಪ ಬಳಿಯದಂತೆ ‘ಫಾಂಟ್-ಸಿಂಥಸಿಸ್’ ಅನ್ನು ನಿಲ್ಲಿಸುವುದೂ ಒಳ್ಳೆಯದು. ಇಲ್ಲವಾದರೆ ಒತ್ತಿನ ಒಳತೆರಪುಗಳು ಮುಚ್ಚಿಹೋಗುತ್ತವೆ.

ಥೀಮು ಸಿದ್ಧವಾಯಿತು ಎನ್ನುವ ಮೊದಲು ಈ ನಾಲ್ಕು ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ನ್ಯಾಮತಿಯನ್ನು ಒಂದು ಗುಂಡಿಯ ಮೇಲೂ ಇಟ್ಟು ನೋಡಿ.